ಓಂಕಾರಮೂರ್ತಿ ಬರೆದ ತಾಯಿ

ಸೇರಿರುವ ಹಿರಿಯರೇ, ಕಳಸದ ಬಂಧುಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ರುದ್ರಾಣಿ ಅತ್ತಿಗೆ, ಮಗಳು ಭುವನಾ — ಎಲ್ಲರಿಗೂ ನಮಸ್ಕಾರ. ನಾನು ಕಲ್ಲೇಶ್. ತೀರಿಹೋದ ಓಂಕಾರಮೂರ್ತಿಯವರ ಜೊತೆ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಬೋರ್ಡು ಬರೆದವನು. ಅವರನ್ನು ಅಣ್ಣ ಅಂತಲೇ ಕರೆದವನು.

ಅಣ್ಣನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಇಳಿಯೋಣ ಅಂತ ಬಂದೆ. ವೇದಿಕೆ ಹತ್ತಿದ ಮೇಲೆ ಹಿಂದೆ ಕಟ್ಟಿರುವ ಈ ಫ್ಲೆಕ್ಸ್ ನೋಡಿದೆ. ನೀವೂ ಒಮ್ಮೆ ನೋಡಿ. ಎಡಕ್ಕೆ ಅಣ್ಣನ ಫೋಟೋ. ಬಲಕ್ಕೆ ಕಿರೀಟ ಇಟ್ಟ ಭಾರತ ಮಾತೆ — ಸಿಂಹ, ಬಾವುಟ, ತಲೆಯ ಮೇಲೆ ಯುದ್ಧ ವಿಮಾನ. ನಮ್ಮ ಕಡೆ ಬೆರಳು ತೋರಿಸಿ 'ಮಗನೇ, ಸೈನ್ಯಕ್ಕೆ ಬಾ' ಅನ್ನುತ್ತಿದ್ದಾಳೆ. ಕೆಳಗೆ, ಸೈನ್ಯ ಸೇರಲು ತರಬೇತಿ ಕೊಡುವ ಖಾಸಗಿ ಕೇಂದ್ರದ ಫೋನ್ ನಂಬರ್. ಅದರ ಪಕ್ಕ — 'ಓಂಕಾರಮೂರ್ತಿಯವರ ಕೊನೆಯ ಕಲಾಕೃತಿ'.

ಶ್ರದ್ಧಾಂಜಲಿಗೆ ಫೋನ್ ನಂಬರ್ ಯಾಕೆ? ಯಾರಿಗೆ ಫೋನ್ ಮಾಡಬೇಕು — ಅಣ್ಣನಿಗಾ?

ಬೇಜಾರು ಮಾಡಿಕೊಳ್ಳಬೇಡಿ. ಈ ಸಭೆ ಏರ್ಪಾಡು ಮಾಡಿದವರು ಅದೇ ಕೇಂದ್ರದವರು, ನಾವು ಕುಡಿದ ಕಾಫಿಯೂ ಅವರದೇ. ಸೈನ್ಯದ ಮೇಲೆ ನನಗೆ ಗೌರವ ಇದೆ. ಅನುಮಾನ ಇರುವುದು ಈ ಚಿತ್ರದ ಮೇಲೆ.

ನಡೆದದ್ದು ಹೇಳುತ್ತೇನೆ. ಕಳೆದ ಮಳೆಗಾಲ ಮುಗಿದ ಮೇಲೆ ಕೇಂದ್ರದವರು ಅಂಗಡಿಗೆ ಬಂದು, ಕೈಯಲ್ಲೇ ಬರೆದ ಪೋಸ್ಟರ್ ಬೇಕು ಅಂದರು. ಅಣ್ಣ ಬ್ರಷ್ ಒರೆಸುತ್ತಾ ಕೇಳಿದರು, "ಅಲ್ಲ ಮಾರಾಯ್ರೆ, ಇಲ್ಲಿ ಹುಡುಗ್ರನ್ನ ಕರೀತಿರೋದು ತಾಯಿಯಾ, ನೀವಾ?" ಅವರು ನಕ್ಕರು. ಅಣ್ಣ ನಗಲಿಲ್ಲ.

ಆದರೂ ಬರೆದರು. ಕಿರೀಟ ಇಲ್ಲ, ಸಿಂಹ ಇಲ್ಲ. ಅಂಗಡಿ ಮುಂದೆ ಹೂ ಮಾರುವ ನಂಜಮ್ಮನನ್ನು ಬರೆದರು. ನಂಜಮ್ಮನ ಮಗ ಗಡಿಯಲ್ಲಿದ್ದಾನೆ. ಚಿಕ್ಕಮಗಳೂರಿನ ಬಸ್ ಬಂದಾಗಲೆಲ್ಲ ಅವರು ಹೀಗೆ — ಹೀಗೆ, ಹಣೆಗೆ ಕೈ ಅಡ್ಡ ಹಿಡಿದು — ಇಳಿಯುವವರನ್ನು ನೋಡುತ್ತಾರೆ. ರಜೆ ಸಿಕ್ಕಿಲ್ಲ ಅಂತ ಗೊತ್ತಿದ್ದರೂ ನೋಡುತ್ತಾರೆ. ಆ ಕೈಯನ್ನೇ ಅಣ್ಣ ಬರೆದರು. ಹಿಂದೆ ಒಂದು ಬಾವುಟ, ಅಷ್ಟೇ.

ಕೇಂದ್ರದವರು ಒಪ್ಪಲಿಲ್ಲ. "ತಾಯಿ ಹಿಂಗೆ ಕಾಯ್ತಾ ನಿಂತ್ರೆ ಯಾರು ಸೇರ್ತಾರೆ ಮೂರ್ತಿಯವ್ರೆ? ಬೆರಳು ತೋರ್ಸೋ ಹಂಗೆ ಬರೀರಿ."

"ಮಗನ್ನ ಕಾಯದೇ ಇರೋ ತಾಯೀನ ನಾನು ನೋಡಿಲ್ಲ ಮಾರಾಯ್ರೆ. ನೋಡದ್ದನ್ನ ಹೆಂಗೆ ಬರೀಲಿ?" ಅಂದ ಅಣ್ಣ ಆ ಚಿತ್ರವನ್ನು ಗೋಡೆಗೆ ಒರಗಿಸಿಟ್ಟರು. ಮತ್ತೆ ಬರೆಯಲಿಲ್ಲ.

ಹಾಗಾದರೆ ಈ ಫ್ಲೆಕ್ಸಿನಲ್ಲಿ ಅಣ್ಣನ ಸಹಿ ಹೇಗೆ ಬಂತು? ನೋಡಿ — ಕೆಳಗಿನ ಮೂಲೆಯಲ್ಲಿದೆ. ಈಗ ನಮ್ಮ ಪೇಟೆ ನೆನಪಿಸಿಕೊಳ್ಳಿ. ಔಷಧಿ ಅಂಗಡಿ, ಮೆಣಸಿನ ವ್ಯಾಪಾರದ ಮಳಿಗೆ, ಹೊರನಾಡು ದಾರಿಯ ಬೋರ್ಡು — ಅಣ್ಣನ ಸಹಿ ಎಲ್ಲಿದೆ? ಮೇಲೆ. ಯಾವತ್ತೂ ಮೇಲೆ. ಯಾಕೆ ಅಂತ ನಾನೇ ಕೇಳಿದ್ದೆ. "ನಮ್ಮೂರ ಮಳೇಲಿ ಬೋರ್ಡಿನ ಬುಡಕ್ಕೆ ಪಾಚಿ ಹಿಡೀತದೆ ಮಾರಾಯ. ಬರ್ದೋರು ಯಾರು ಅಂತ ನಾಳೆ ಗೊತ್ತಾಗ್ಬೇಕಲ್ಲ" ಅಂದಿದ್ದರು. ಕಂಪ್ಯೂಟರಿನಲ್ಲಿ ಸಹಿ ಅಂಟಿಸಿದವರಿಗೆ ಪಾಚಿಯ ವಿಷಯ ಗೊತ್ತಿಲ್ಲ.

ಇದೇ ಫ್ಲೆಕ್ಸ್ ನಾಳೆ ಗೋಣಿಬೀಡಿಗೂ ಮೂಡಿಗೆರೆಗೂ ಹೋಗುತ್ತದಂತೆ. ಅಣ್ಣನ ಹೆಸರು ನಂಬಿ ಯಾವುದೋ ಮನೆಯವರು ಆ ನಂಬರಿಗೆ ಫೋನ್ ಮಾಡುತ್ತಾರೆ. ಅತ್ತಿಗೆ, ನಿಮ್ಮನ್ನು ಯಾರಾದರೂ ಒಂದು ಮಾತು ಕೇಳಿದರಾ? — ಇಲ್ಲ ಅಂತ ತಲೆ ಆಡಿಸುತ್ತಿದ್ದಾರೆ, ಎಲ್ಲರೂ ನೋಡಿ. ನನಗೆ ಸಿಟ್ಟು ಬರುತ್ತಿದೆ. ಸತ್ತವರು ಎದ್ದು ಬಂದು ಇಲ್ಲ ಅನ್ನಲಾರರು. ಅದಕ್ಕೇ ನಾನು ಹೇಳುತ್ತಿದ್ದೇನೆ — ಇದು ಅಣ್ಣ ಬರೆದದ್ದಲ್ಲ. ಇದನ್ನು ಇವತ್ತೇ ಇಳಿಸಬೇಕು.

ಅಪ್ಪ ಬರೆದದ್ದು ಇರಲಿ ಅಂತ ನಂಜಮ್ಮನ ಆ ಚಿತ್ರವನ್ನು ಭುವನಾ ಇಲ್ಲಿಗೆ ತಂದಿದ್ದಾಳೆ. ವೇದಿಕೆಯಲ್ಲಿ ಜಾಗ ಇಲ್ಲ ಅಂದರಂತೆ ಕೇಂದ್ರದವರು. ನಿಮ್ಮೆಲ್ಲರ ಹಿಂದೆ, ಬಾಗಿಲ ಪಕ್ಕ ಇಟ್ಟಿದ್ದಾಳೆ. ಸಹಿ ಮೇಲಿನ ಮೂಲೆಯಲ್ಲಿದೆ. ಅದರ ಪಕ್ಕದ ಕುರ್ಚಿಯಲ್ಲಿ ನಂಜಮ್ಮನೂ ಇದ್ದಾರೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಈ ಫ್ಲೆಕ್ಸಿಗೆ ಬೆನ್ನು ಮಾಡಿ — ಹೌದು, ಹಾಗೇ — ಬಾಗಿಲ ಕಡೆ ತಿರುಗಿ. ಅಣ್ಣ ಬರೆದ ತಾಯಿಯ ಎದುರು ಒಂದು ನಿಮಿಷ ಸುಮ್ಮನೆ ನಿಲ್ಲೋಣ. ನಡುವೆ ಬಸ್ ಬಂದರೆ ನಂಜಮ್ಮ ಹೊರಗೆ ಹೋಗಿ ನೋಡಲಿ. ದಾರಿ ಬಿಡಿ.