ಎಲೆಕೋಸಿಗೆ ಕೆಂಪು ಬಟನ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಫಲಕ ಕೊಡಲು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಸಾರ್ವಜನಿಕ ತೋಟದಲ್ಲಿ ಒಂದೊಂದು ಪಾತಿ ಹಿಡಿದು ತರಕಾರಿ ಬೆಳೆಯುವ ಸಭಿಕರೇ, ಹಿಂದಿನ ಸಾಲಿನಲ್ಲಿ ಇನ್ನೂ ಮಾತಾಡುತ್ತಿರುವವರೇ, ನಿಮಗೆಲ್ಲ ನನ್ನ ವಂದನೆಗಳು. ಮಾತು ನಿಲ್ಲಿಸಿದ ಮೇಲೆ ಮುಂದುವರಿಸುತ್ತೇನೆ.

ಹಾಂ, ಈಗ ಸರಿ.

ಸಸಿ ನೆಡುವ ಸಲಕರಣೆಗಳನ್ನು ಮನೆಯಲ್ಲೇ ತಯಾರಿಸಿದ್ದಕ್ಕೆ ನನಗೆ ಈ ಸನ್ಮಾನ ಎಂದು ಅಧ್ಯಕ್ಷರು ಹೇಳಿದರು. ಫಲಕದಲ್ಲೂ ಹಾಗೇ ಕೆತ್ತಿಸಿದ್ದಾರೆ. ಹದಿನೈದು ದಿನದ ಹಿಂದೆ ಪತ್ರ ಬಂದಾಗಲೇ ನಾನೊಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಏಕೆ? ಸನ್ಮಾನ ಯಾರಿಗೆ ಬೇಡ, ನೀವೇ ಹೇಳಿ. ಆ ಸಲಕರಣೆಗಳನ್ನು ಮಾಡಿದವಳು ನನ್ನ ಸೊಸೆ.

ಇಪ್ಪತ್ತೆರಡು ವರ್ಷ ನಾನು ಕಣ್ಣಳತೆಯಲ್ಲೇ ನೆಟ್ಟವಳು. ಹೈಸ್ಕೂಲಿನಲ್ಲಿ ರೇಖಾಗಣಿತಕ್ಕೆ ತರಗತಿಗೇ ಮೊದಲು. ನನ್ನ ಸಾಲು ಸೊಟ್ಟ ಎಂದು ಹೇಳುವ ಧೈರ್ಯ ನಮ್ಮ ಮನೆಯವರಿಗೂ ಇರಲಿಲ್ಲ. ಪಾತಿಯ ತುದಿಯಲ್ಲಿ ನಿಂತು ತಲೆ ಸ್ವಲ್ಪ ವಾರೆ ಮಾಡುತ್ತಿದ್ದರು, ಅಷ್ಟೇ. ಹಾಗೆ ನೋಡಿದರೆ ನೇರವಾಗಿ ಕಾಣುತ್ತಿತ್ತಂತೆ.

ಸೊಸೆ ದರ್ಜಿ. ಮನೆಗೆ ಬಂದ ಮೊದಲ ವರ್ಷವೇ ನನ್ನ ಪಾತಿ ನೋಡಿ, "ಅತ್ತೆ, ಎಲೆಕೋಸೆಲ್ಲ ಬಸ್ಸಲ್ಲಿ ನಿಂತ ಹಾಗೆ ನಿಂತಿವೆಯಲ್ಲ, ಉಸಿರಾಡೋದು ಹೇಗೆ?" ಅಂದಳು.

"ನೀನು ಕಾಜಾ ಹೊಲಿ ಹೋಗಮ್ಮ" ಅಂದೆ.

ಅವಳು ಹುರಿಗೆ ಹಳೇ ಅಂಗಿಗಳ ಬಟನ್ ಹೊಲಿದು ತಂದಳು. ಎಲೆಕೋಸಿಗೆ ಎರಡು ಗೇಣಿಗೊಂದು ಕೆಂಪು, ಬೀಟ್‌ರೂಟಿಗೆ ನಾಲ್ಕು ಬೆರಳಿಗೊಂದು ಬಿಳಿ. ಎರಡೂ ತುದಿಗೆ ಗೂಟ ಕಟ್ಟಿ ಎಳೆದರೆ ಸಾಲು ತಯಾರು. ಆಮೇಲೆ ಹಲಗೆಗೆ ಖಾಲಿ ನೂಲಿನ ರೀಲುಗಳನ್ನು ಮೊಳೆ ಹೊಡೆದು ಕೂರಿಸಿದಳು. ಮಣ್ಣಿಗೆ ಒಮ್ಮೆ ಒತ್ತಿದರೆ ಹತ್ತು ಕುಳಿ, ಒಂದೇ ಆಳ. ನಾನು ಮುಟ್ಟಿಯೂ ನೋಡಲಿಲ್ಲ. ಆ ವರ್ಷ ಅವಳ ಎಲೆಕೋಸು ತಲೆಯಷ್ಟು, ನನ್ನದು ಮುಷ್ಟಿಯಷ್ಟು. ಮಣ್ಣಿನ ದೋಷ ಅಂದೆ. ಒಂದೇ ಪಾತಿ ಸಭಿಕರೇ! ಅರ್ಧ ಅವಳದು, ಅರ್ಧ ನನ್ನದು.

ಮೂರನೆಯದು ಕೊಳವೆ. ನಿಂತೇ ಬೀಜ ಬಿಡುವ ಉದ್ದನೆಯ ಪೈಪು, ಮೇಲೊಂದು ಆಲಿಕೆ. ಆ ವೇಳೆಗೆ ನನಗೆ ಬಗ್ಗಿದರೆ ಏಳುವುದು ಕಷ್ಟವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಇವತ್ತೂ ಹೇಳಬೇಕೆಂದಿರಲಿಲ್ಲ.

"ಇದ್ಯಾಕೆ?" ಎಂದು ಕೇಳಿದೆ.

"ನಂಗೆ ಸೊಂಟ ನೋವು ಅತ್ತೆ, ಬಗ್ಗೋಕಾಗಲ್ಲ."

"ಈ ವಯಸ್ಸಿಗೇ?"

"ಮಿಷನ್ ಮುಂದೆ ಕೂತೂ ಕೂತೂ."

ಮೈಗಳ್ಳಿ ಎಂದು ವಾರವಿಡೀ ಬೈದೆ. ಸೊಂಟ ನೋವಿನವಳು ಅದೇ ವಾರ, ಬೀಗದ ಕೈ ಮರೆತೆನೆಂದು ತೋಟದ ಗೇಟು ಹತ್ತಿ ಹಾರಿದಳು.

ಒಂದು ಮಧ್ಯಾಹ್ನ ಅವಳಿಲ್ಲದಾಗ ಕೊಳವೆ ಕೈಗೆತ್ತಿಕೊಂಡೆ. ಆಲಿಕೆ ಸರಿಯಾಗಿ ನನ್ನ ಎದೆಮಟ್ಟಕ್ಕೆ ಬಂತು. ನನ್ನ ಸೊಸೆ ನನಗಿಂತ ಒಂದು ತಲೆ ಗಿಡ್ಡ. ಅವಳು ಹಿಡಿದರೆ ಗಲ್ಲಕ್ಕೆ ತಾಗುತ್ತದೆ. ಟೇಪು ಹಿಡಿಯದೆ, ಒಂದು ಮಾತೂ ಕೇಳದೆ, ನನ್ನ ಅಳತೆ ತೆಗೆದಿದ್ದಳು. ಕಣ್ಣಳತೆ ಅಂದರೆ ಅದು! ಒಬ್ಬಳೇ ನಗುತ್ತಾ ಎರಡು ಸಾಲು ಮೂಲಂಗಿ ಬಿತ್ತಿದೆ. ಪಕ್ಕದ ಪಾತಿಯ ಪೋಸ್ಟ್‌ಮಾಸ್ಟರು, "ಏನಮ್ಮಾ, ಏನು ಸಮಾಚಾರ?" ಅಂದರು. "ನಿಮ್ಮ ಪಾತಿ ನೋಡ್ಕೊಳ್ಳಿ" ಅಂದೆ.

ಆಮೇಲೆ ಈ ಮೂರನ್ನೂ ಬಳಸುವುದನ್ನು ನಿಮಗೆಲ್ಲ ಗದರಿಸಿ ಗದರಿಸಿ ಕಲಿಸಿದೆ. ಹಾಗಾಗಿ ನನ್ನವೇ ಎಂದುಕೊಂಡಿರಿ. ತಿದ್ದಬೇಕಾದ ನಾನು ತಿದ್ದಲಿಲ್ಲ. ಅವಳೂ ತುಟಿ ಬಿಚ್ಚಲಿಲ್ಲ. ಇವತ್ತು ಬೆಳಿಗ್ಗೆ ನನ್ನ ಬಟ್ಟೆ ಇಸ್ತ್ರಿ ಮಾಡಿಕೊಟ್ಟು, "ನೀರು ಕುಡಿದು ವೇದಿಕೆ ಹತ್ತಿ ಅತ್ತೆ, ಗಂಟಲು ಒಣಗುತ್ತೆ" ಅಂದಳು. ಗಂಟಲು ಒಣಗಿದ್ದು ಅದನ್ನು ಕೇಳಿಯೇ.

ಅಧ್ಯಕ್ಷರೇ, ಫಲಕವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕೆತ್ತನೆ ತಿದ್ದಿಸಿ. ಎಷ್ಟು ದಿನ ಬೇಕೋ ಅಷ್ಟು ತೆಗೆದುಕೊಳ್ಳಿ, ಕಾಗುಣಿತ ಮಾತ್ರ ನನಗೆ ತೋರಿಸಿ.

ಅಯ್ಯೋ, ನನ್ನ ಸೊಸೆ ಎದ್ದು ಹೋಗುತ್ತಿದ್ದಾಳೆ! ಬಾಗಿಲಲ್ಲಿ ನಿಂತಿರುವವರೇ, ಆ ಹಸಿರು ಕೋಟಿನವಳನ್ನು ಬಿಡಬೇಡಿ! ಬಾರಮ್ಮ, ಮೇಲೆ ಬಾ. ಈ ಕುರ್ಚಿಯಲ್ಲಿ ಕೂತುಕೋ. ನಾನು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತೇನೆ. ಇಷ್ಟು ವರ್ಷ ಬಾಕಿಯಾದದ್ದು, ಜೋರಾಗಿಯೇ ತಟ್ಟುತ್ತೇನೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದಗಳು. ನಿನಗೂ ಕಣಮ್ಮ. ನಮಸ್ಕಾರ.