ಅಪ್ಪನ ಮರೆವು

ಪುತ್ತೂರಿನ ಕ್ಲಿನಿಕ್ಕಿನಲ್ಲಿ ಮಂಡಿನೋವಿಗೆಂದು ಬಂದ ತಿಮ್ಮಕ್ಕನ ಪಕ್ಕದಲ್ಲಿ ಅಣ್ಣ ತಂಗಿ ಇಬ್ಬರು ಕುಳಿತಿದ್ದರು. ಅವರ ತಂದೆ ಮಕ್ಕಳ ಹುಟ್ಟಿದ ದಿನಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತಾ ಆಗಷ್ಟೇ ಡಾಕ್ಟರ ಕೋಣೆಯೊಳಗೆ ಹೋಗಿದ್ದರು.

“ನಾಲ್ಕು ದಿನದಿಂದ ಅಪ್ಪನಿಗೆ ಕಂಪ್ಯೂಟರ್ ಆಫ್ ಮಾಡ್ಲಿಕ್ಕೂ ಗೊತ್ತಾಗುದಿಲ್ಲ ಅಣ್ಣ. ಬರೆದದ್ದು ಎಲ್ಲಿ ಉಂಟು ಅಂತ ಹುಡುಕಿ ಹುಡುಕಿ, ಮರೆವಿನ ಕಾಯಿಲೆ ಬಂತು ಅಂತ ನಿನ್ನೆ ಅತ್ರು.”

“ಅದು... ವಿಂಡೋಸ್ ತೆಗೆದು ನಾನು ಲಿನಕ್ಸ್ ಹಾಕಿದ್ದೆ.”

“ಎಂತ ಹಾಕಿದ್ದು?”

“ಬೇರೆ ಸಾಫ್ಟ್‌ವೇರ್, ಫ್ರೀ ಸಿಗುದು. ಹಳೆಯದಕ್ಕೆ ಇನ್ನು ಅಪ್ಡೇಟ್ ಇಲ್ಲ ಅಂತ ನ್ಯೂಸಲ್ಲಿ ಬಂದಿತ್ತು. ಇದು ಅದಕ್ಕಿಂತ ಒಳ್ಳೆದು. ಫೈಲೆಲ್ಲ ಉಂಟು, ಜಾಗ ಮಾತ್ರ ಬೇರೆ.”

“ಅಪ್ಪನಿಗೆ ಹೇಳಿದ್ಯಾ?”

“ಅವರೇ ಕಲೀತಾರೆ ಅಂತ ಗ್ರಹಿಸಿದೆ.”

“ಡಾಕ್ಟ್ರು ಮದ್ದು ಬರೆಯುವ ಮೊದಲು ಒಳಗೆ ಹೋಗಿ ಹೇಳು ಮಾರಾಯ!”

ಲಿನಕ್ಸ್ ಎಂದರೇನೆಂದು ತಿಮ್ಮಕ್ಕನಿಗೆ ತಿಳಿಯಲಿಲ್ಲ. ಆದರೂ ಆ ಹುಡುಗ ಎದ್ದು ಹೋದಾಗ ಅವಳಿಗೆ ಸಮಾಧಾನವಾಯಿತು.

ಸ್ವಲ್ಪ ಹೊತ್ತಿನಲ್ಲಿ ತಂದೆ ಹೊರಗೆ ಬಂದರು. ಮಗನನ್ನು ಬೈಯಲಿಲ್ಲ. ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು, “ಹಾಗಾದ್ರೆ ನಂಗೆ ಎಂತದೂ ಆಗ್ಲಿಲ್ವಾ?” ಎಂದು ಮತ್ತೆ ಮತ್ತೆ ಕೇಳುತ್ತಾ ಮೆಟ್ಟಿಲಿಳಿದು ಹೋದರು.