ಇಪ್ಪತ್ತು ಗಂಟೆಯ ಪ್ರಶ್ನೆ

ಅಲ್ಲ ಪ್ರಾರ್ಥನಾ, ನೀನು ಇನ್ನೂ ಪೀಕ್ ಟೈಮ್ ಲೆಕ್ಕದಲ್ಲೇ ಇದ್ದೀಯ. ನನ್ನ ಕಾರ್ಡಿನ ಫಾರ್ಮ್ ತುಂಬೋಕೆ ಮೊದ್ಲು ಕೇಳು. ಬೆಳಿಗ್ಗೆ ಆರೂವರೆಯಿಂದ ಹತ್ತು, ಸಾಯಂಕಾಲ ಮೂರರಿಂದ ಏಳು, ಆವಾಗ ಟ್ರೇನಿಗೆ ಪೂರ್ತಿ ದುಡ್ಡು. ಮಿಕ್ಕ ಹೊತ್ತು ನೂರಕ್ಕೆ ಮೂವತ್ತು ಕಡಿಮೆ. ಶುಕ್ರವಾರ ಇಡೀ ದಿನ ಕಡಿಮೆ. ಈ ಸೀನಿಯರ್ ಕಾರ್ಡ್ ಬಂದ್ರೆ ಪೀಕೂ ಇಲ್ಲ, ಗೀಕೂ ಇಲ್ಲ. ದಿನಕ್ಕೆ ಎರಡೂವರೆ ಡಾಲರ್, ನಮ್ಮ ಟಲವಾಂಗ್ ಸ್ಟೇಷನ್ನಲ್ಲಿ ಹತ್ತಿ ಊರೆಲ್ಲ ಸುತ್ತಬಹುದು.

ಯಾಕೆ ನಗ್ತೀಯ? ಅತ್ತೆಗೆ ಇಷ್ಟೆಲ್ಲ ಹೇಗೆ ಗೊತ್ತು ಅಂತಾನಾ? ದಿನಾ ಓಡಾಡೋಳು ನಾನು ತಾನೇ... ಏನು? ಹತ್ತು ಗಂಟೆ ಮೇಲೆ ನಾನ್ಯಾಕೆ ಟ್ರೇನ್ ಹತ್ತಲಿ? ಎಂಟಕ್ಕೆಲ್ಲ ಚೈಲ್ಡ್‌ಕೇರ್ ಅಡುಗೆಮನೇಲಿ ಹಣ್ಣು ಹೆಚ್ತಾ ಇರ್ತೀನಿ. ಸುಮ್ನೆ ರೂಲ್ಸ್ ಹೇಳ್ದೆ ಅಷ್ಟೆ.

ಹೆಸರು ಅರುಂಧತಿ ಅಂತ ಹಾಕಿದ್ಯಾ? ವಯಸ್ಸು ಅರವತ್ತೆರಡು. ಹೂಂ, ಅರವತ್ತಾದಾಗಲೇ ಮಾಡಿಸ್ಬೇಕಿತ್ತು. ಆದ್ರೆ ಆಗ ಕೊಡ್ತಿರ್ಲಿಲ್ಲ... ಅಂದ್ರೆ, ಆಗ ನಂಗೆ ಗೊತ್ತಿರ್ಲಿಲ್ಲ. ಸಾಕಾಗಿದೆ ಕಣೆ. ಕಾಲು ನೋವು, ಆ ಎಸ್ಕಲೇಟರ್ರು, ಮೂರು ಗಂಟೆಗೆ ಮುಂಚೆ ವಾಪಸ್ ಹತ್ತಬೇಕು ಅಂತ ಗಡಿಯಾರ ನೋಡ್ತಾ ಕೂರೋದು.

ತುಷಾರ್ ಮೊನ್ನೆ ಫೋನಲ್ಲಿ ಹೇಳ್ತಿದ್ದ, ಮೆಲ್ಬರ್ನಲ್ಲಿ ಬೆಳಿಗ್ಗೆ ಏಳೂ ಕಾಲಿನೊಳಗೆ ಟ್ರೇನ್ ಇಳಿದ್ರೆ ಟಿಕೆಟ್ಟೇ ಇಲ್ವಂತೆ. ಅದಕ್ಕಾದ್ರೂ ವೆರಿಬೀಗೆ, ನಮ್ಮನೆಗೆ ಬಾ ಅಮ್ಮ ಅಂತ. ಅಲ್ಲಿಗೆ ಹೋದ್ರೆ ನನ್ನನ್ನ ಟ್ರೇನ್ ಹತ್ತೋಕೆ ಯಾರು ಬಿಡ್ತಾರೆ? ಅವನಿಗೆ ಪುಟ್ಟ ಅವಳಿ ಮಕ್ಕಳು, ಗಂಡ ಹೆಂಡ್ತಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಅವನೂ ನಿನ್ನ ಗಂಡನೂ ಮಾತಾಡ್ಕೊಂಡಿದ್ದು ನಂಗೆ ನೆನಪಿದೆ. ಅಮ್ಮ ಕೆಲಸದಲ್ಲಿ ಇರೋವರೆಗೂ ಇಲ್ಲಿ ಮನೋಜನ ಹತ್ರ, ಕೆಲಸ ಬಿಟ್ಮೇಲೆ ತುಷಾರನ ಹತ್ರ. ತಪ್ಪಲ್ಲ ಬಿಡು. ನನ್ನನ್ನ ಒಂದು ಮಾತು ಕೇಳಲಿಲ್ಲ ಅಷ್ಟೆ.

ಮುಂದೆ ಏನಿದೆ? ವಾರಕ್ಕೆ ಇಪ್ಪತ್ತು ಗಂಟೆಗಿಂತ ಜಾಸ್ತಿ ಕೆಲಸ ಮಾಡಲ್ಲ ಅಂತಾನಾ? ಹೌದು ಅಂತ ಒತ್ತು.

ಒತ್ತಮ್ಮ... ಯಾಕೆ ಕೈ ತೆಗೆದೆ?

ಅದೊಂದು ಸಣ್ಣ ಚೌಕ ಕಣೆ, ಎಲ್ಲರೂ ಒತ್ತುತ್ತಾರೆ. ಲೈಬ್ರರಿಲಿ ನನ್ನ ಪಕ್ಕ ಕೂರೋ ಪಂಜಾಬಿ ಆಂಟಿನೂ ಒತ್ತಿದ್ದಾರೆ. ಯಾವ ಲೈಬ್ರರಿ ಅಂದ್ರೆ... ಕ್ಯಾಸಲ್ ಹಿಲ್ಲಿಂದು. ರಜೆ ಇದ್ದಾಗ ಹೋಗ್ತೀನಪ್ಪ, ಕೆಲವು ಸಲ.

ಸರ್ಕಾರಕ್ಕೆ ಸುಳ್ಳು ಬರೆದ್ರೆ ತೊಂದರೆ ಆಗತ್ತೆ ಅಂತ ಯೋಚನೆ ಮಾಡ್ತಿದ್ದೀಯ. ನೀನು ಹಾಗೇನೇ, ಪಾರ್ಕಿಂಗ್ ಚೀಟಿ ಕೂಡ ಒಂದು ನಿಮಿಷ ಮೀರಿಸಲ್ಲ. ಹೆದರಬೇಡ.

ಅದು ಸುಳ್ಳಲ್ಲ ಪ್ರಾರ್ಥನಾ.

ಹಾಗೆ ನೋಡಬೇಡ. ಹೋದ ದೀಪಾವಳಿಯಿಂದ ಮಂಗಳವಾರ, ಗುರುವಾರ ಎರಡೇ ದಿನ ಕೆಲಸ. ವಾರಕ್ಕೆ ಹನ್ನೆರಡು ಗಂಟೆ. ಮಕ್ಕಳು ಕಡಿಮೆಯಾದ್ರು ಅಂದ್ರು, ಬೇಜಾರು ಮಾಡ್ಕೋಬೇಡಿ ಅಂದ್ರು. ಮಿಕ್ಕ ದಿನ ನೀವೆಲ್ಲ ಹೋದ್ಮೇಲೆ ಕೂತಿದ್ದು, ಹತ್ತು ಹೊಡೆದ ಮೇಲೆ ಆ ಲೈಬ್ರರಿಗೆ ಹೊರಡ್ತೀನಿ. ಮನೇಲೇ ಇದ್ರೆ ಬಾಗಿಲ ಕ್ಯಾಮೆರಾದಲ್ಲಿ ಮನೋಜನಿಗೆ ಗೊತ್ತಾಗತ್ತೆ, ಅಮ್ಮ ಹೊರಗೇ ಹೋಗಿಲ್ಲ ಅಂತ. ಎಷ್ಟು ಹೊತ್ತಿಗೆ ಹೋದೆ ಅಂತ ಅವನು ನೋಡಲ್ಲ.

ನಂಗೆ ತುಷಾರನ ಹತ್ರ ಹೋಗೋಕೆ ಇಷ್ಟ ಇಲ್ಲ ಕಣಮ್ಮ. ಆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಇನ್ನೊಂದು ಸಲ ಎಲ್ಲಾ ಮೊದಲಿಂದ ಶುರು ಮಾಡೋ ಶಕ್ತಿ ಇಲ್ಲ. ಇಲ್ಲಿ ನೀನಿದ್ದೀಯ. ನಿನ್ನ ಮಗಳು ಆದ್ಯಾ ಇಂಗ್ಲಿಷಲ್ಲೇ ಜಗಳ ಆಡಿದ್ರೂ ನನ್ನ ಪಕ್ಕ ಬಂದೇ ಮಲಗ್ತಾಳೆ.

ಬೈಯೋದಾದ್ರೆ ಬೈ.

...ಒತ್ತಿದ್ಯಾ. ಸರಿ.

ಈಗೇನು ಕೇಳ್ತಿದೆ ಅದು? ಅಡ್ರೆಸ್ಸಾ?

ಯಾವ ಮನೇದು ಹಾಕ್ತೀಯಮ್ಮ?